ಕಾರಾಪುರದ ಆನೆಗಳೂ ಕನಸಿನ ಚಿತ್ರಗಳೂ

ಆನೆಯೆಂದರೇನೆಂಬುದನ್ನು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಜನಕ್ಕೆ ಪುಸ್ತಕದಿಂದ ತಿಳಿಸಬೇಕಾದ ಅಗತ್ಯವಿಲ್ಲ. ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುವ ಗಜಪಯಣವನ್ನು ಕಂಡವರು ಅವರು; ರಾಗಿ ತೆನೆಗಟ್ಟುವ ಕಾಲದಲ್ಲಿ ಕಾಡಂಚಿನ ಅಟ್ಟಣೆಯ ಮೇಲೆ ಕುಳಿತು ರಾತ್ರಿಯೆಲ್ಲ ಕೂಗು ಹಾಕಿದವರೂ ಅವರೇ. ಭತ್ತದ ಸೀಮೆಯಾದ ಕೃಷ್ಣರಾಜನಗರದವರು ಕಾಡಿಗೆ ದೂರದವರಾದರೂ ಅಂಬಾರಿಯ ಆನೆಗೆ ಅಪರಿಚಿತರಲ್ಲ. ಹೀಗೆ ಹೊಲವನ್ನು ತುಳಿಯುವ ಆನೆಯನ್ನೂ ದೇವಿಯನ್ನು ಹೊರುವ ಆನೆಯನ್ನೂ ಸಮನಾಗಿ ಬಲ್ಲ ಈ ಸೀಮೆಗೆ, 1935ರಲ್ಲಿ, ಕುಣಿಯುವ ಆನೆಯನ್ನು ಅರಸಿಕೊಂಡು ಒಂದು ಚಲಚ್ಚಿತ್ರದ ತಂಡವು ಬಂದಿತು. ಅದರ ಮುಖ್ಯಸ್ಥನು ರಾಬರ್ಟ್ ಫ್ಲಾಹರ್ಟಿ. ಅಲ್ಲಿಂದ ಹೊರಟ ಚಿತ್ರವು 1937ರಲ್ಲಿ ‘ಎಲಿಫೆಂಟ್ ಬಾಯ್’ ಎಂಬ ಹೆಸರಿನಿಂದ ಲೋಕಕ್ಕೆಲ್ಲ ಪರಿಚಿತವಾಯಿತು. ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗನೊಬ್ಬನು ಅದರಿಂದ ಜಗತ್ಪ್ರಸಿದ್ಧನಾದನೆಂಬುದು ಈ ಭಾಗದ ಮನೆಮಾತು. ಆದರೆ ಆ ಚಿತ್ರದೊಳಗೆ ಸತ್ಯಕ್ಕೂ ಕನಸಿಗೂ ನಡೆದ ಜಗ್ಗಾಟವೊಂದುಂಟು. ಅದನ್ನು ಗಮನಿಸಿದವರು ವಿರಳ.

ಫ್ಲಾಹರ್ಟಿಯು ಸಾಮಾನ್ಯ ಚಿತ್ರಕಾರನಲ್ಲ. ಉತ್ತರಧ್ರುವದ ಸಮೀಪದ ಹಿಮಪ್ರದೇಶದಲ್ಲಿ ಎಸ್ಕಿಮೋ ಜನರ ಜೀವನವನ್ನು ಕುರಿತು 1922ರಲ್ಲಿ ಆತನು ತೆಗೆದ ‘ನಾನೂಕ್’ ಚಿತ್ರವು, ನಟರಿಲ್ಲದೆ, ರಂಗಮಂಟಪವಿಲ್ಲದೆ, ಜನ ಬದುಕುವ ನೆಲದಲ್ಲಿಯೇ ಅವರ ಬದುಕನ್ನು ತೋರಿಸಬಹುದೆಂಬುದನ್ನು ಸ್ಥಾಪಿಸಿತು. ಆತನ ಎರಡನೆಯ ಚಿತ್ರವಾದ ‘ಮೋಆನ’ವನ್ನು 1926ರಲ್ಲಿ ವಿಮರ್ಶಿಸುತ್ತ ಗ್ರಿಯರ್ಸನ್ ಎಂಬ ಸ್ಕಾಟ್ಲೆಂಡಿನವನು ಬಳಸಿದ ಮಾತಿನಿಂದಲೇ ‘ಡಾಕ್ಯುಮೆಂಟರಿ’ ಎಂಬ ಹೆಸರು ಚಿತ್ರಲೋಕದಲ್ಲಿ ನೆಲೆಯೂರಿತು. ನಮ್ಮಲ್ಲಿ ಅದೇ ಸಾಕ್ಷ್ಯಚಿತ್ರ. ಸಾಕ್ಷಿಯೆಂದಮೇಲೆ ಕಂಡದ್ದನ್ನು ಕಂಡಂತೆ ಹೇಳಬೇಕಷ್ಟೆ. ಆದರೆ ಈ ಸಾಕ್ಷಿಯ ಹೇಳಿಕೆಯಲ್ಲಿ ಮೊದಲಿನಿಂದಲೂ ಸ್ವಲ್ಪ ಕಲ್ಪನೆ ಬೆರೆತಿತ್ತು. ಒಳಗೆ ಬೆಳಕು ಸಾಲದೆಂದು ನಾನೂಕನ ಹಿಮದ ಮನೆಯನ್ನು ಅರ್ಧವಾಗಿ ಕಟ್ಟಿಸಿದ್ದರು. ಬಂದೂಕನ್ನು ಬಲ್ಲ ಜನರ ಕೈಗೆ ಹಳೆಯ ಈಟಿಯನ್ನು ಕೊಟ್ಟಿದ್ದರು. 1934ರ ‘ಮ್ಯಾನ್ ಆಫ್ ಅರಾನ್’ನಲ್ಲಿ ಐರ್ಲೆಂಡಿನ ದ್ವೀಪವಾಸಿಗಳು ಬಿಟ್ಟು ಎಷ್ಟೋ ಕಾಲವಾಗಿದ್ದ ದೊಡ್ಡ ಮೀನಿನ ಬೇಟೆಯನ್ನು ಚಿತ್ರಕ್ಕಾಗಿ ಮತ್ತೆ ಕಲಿತರು. ಫ್ಲಾಹರ್ಟಿಯು ಚಿತ್ರಿಸಿದ್ದು ಜನರ ಇಂದಿನ ಬದುಕನ್ನಲ್ಲ, ಅವರ ಅಜ್ಜಂದಿರ ಬದುಕಿನ ನೆನಪನ್ನು ಎಂದರೆ ತಪ್ಪಾಗದು.

ಇದೇ ಕಾಲದಲ್ಲಿ ಪ್ಯಾರಿಸ್ ನಗರದಲ್ಲಿ ಮತ್ತೊಂದು ಪಂಥವು ಹುಟ್ಟಿತ್ತು. 1924ರಲ್ಲಿ ಆಂದ್ರೆ ಬ್ರೆತೋಂ ಎಂಬ ಕವಿಯು ಪ್ರಕಟಿಸಿದ ಪ್ರಣಾಳಿಕೆಯಿಂದ ಸರ್ರಿಯಲಿಸಂ, ಎಂದರೆ ಅತಿವಾಸ್ತವವಾದ, ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಎಚ್ಚರದಲ್ಲಿ ಕಾಣುವುದಷ್ಟೇ ಸತ್ಯವಲ್ಲ, ಕನಸಿನಲ್ಲಿ ಕಾಣುವುದೂ ಸತ್ಯದ ಒಂದು ಪಾಲು; ಇವೆರಡೂ ಕೂಡಿದ ಮೇಲಿನ ವಾಸ್ತವವನ್ನು ಕಲೆಯು ಹುಡುಕಬೇಕು ಎಂಬುದು ಅವರ ಮತ. ಈ ಪಂಥವು ಮೊದಲು ಹುಟ್ಟಿದ್ದು ಸಾಹಿತ್ಯದಲ್ಲಿ. ಚಿತ್ರಕಲೆಯೂ ಚಲಚ್ಚಿತ್ರವೂ ಅನಂತರ ಬಂದುವು. ಲೋತ್ರೆಯಾಮೋಂ, ರ‍್ಯಾಂಬೋ ಎಂಬ ಹತ್ತೊಂಬತ್ತನೆಯ ಶತಮಾನದ ಕವಿಗಳನ್ನು ಇವರು ಹಿರಿಯರೆಂದು ಗೌರವಿಸಿದರು. ವಿಯೆನ್ನದ ಫ್ರಾಯ್ಡ್ ವೈದ್ಯನ ಸ್ವಪ್ನಮೀಮಾಂಸೆಯನ್ನು ಶಾಸ್ತ್ರದಂತೆ ಓದಿದರು. ಲೂಯಿ ಬುನ್ಯುಯೆಲ್, ಸಾಲ್ವಡೋರ್ ಡಾಲಿ ಎಂಬ ಇಬ್ಬರು ಸ್ಪೇನಿನ ತರುಣರು ತಾವು ತಾವು ಕಂಡ ಕನಸುಗಳನ್ನು ಪರಸ್ಪರ ಹೇಳಿಕೊಂಡು, ಅವುಗಳಿಂದಲೇ 1929ರಲ್ಲಿ ‘ಆಂಡಲೂಸಿಯದ ನಾಯಿ’ ಎಂಬ ಚಿಕ್ಕ ಚಿತ್ರವನ್ನು ಕಟ್ಟಿದರು. ಆ ಚಿತ್ರದಲ್ಲಿ ನಾಯಿಯೂ ಇಲ್ಲ, ಆಂಡಲೂಸಿಯವೂ ಇಲ್ಲ. ಬುನ್ಯುಯೆಲ್ ಪ್ರಕಟಿಸಬೇಕೆಂದು ಯೋಚಿಸಿ ಕೈಬಿಟ್ಟ ಕವನಸಂಗ್ರಹವೊಂದರ ಹೆಸರು ಅದು.

ಒಂದು ಪಂಥವು ಕಂಡುದನ್ನು ಹೇಳುವುದು, ಇನ್ನೊಂದು ಕಾಣದುದನ್ನು ಹೇಳುವುದು. ಇವು ಎಂದೂ ಕೂಡಲಾರವೆಂದು ತೋರಬಹುದು. ವಸ್ತುತಃ ಹಾಗಲ್ಲ. 1930ರಲ್ಲಿ ಬುನ್ಯುಯೆಲ್ ತೆಗೆದ ‘ಸುವರ್ಣಯುಗ’ವೆಂಬ ಚಿತ್ರವು ಆರಂಭವಾಗುವುದೇ ಚೇಳುಗಳ ಜೀವನವನ್ನು ಕುರಿತ ಹಳೆಯ ಶಾಸ್ತ್ರೀಯ ಚಿತ್ರದ ತುಣುಕುಗಳಿಂದ. 1933ರಲ್ಲಿ ಆತನೇ ಸ್ಪೇನಿನ ಅತ್ಯಂತ ಬಡ ಬೆಟ್ಟಸೀಮೆಯಾದ ಲಾಸ್ ಉರ್ದೆಸ್‌ಗೆ ಹೋಗಿ, ಆ ಜನರನ್ನು ಕುರಿತು ಫ್ರೆಂಚ್ ವಿದ್ವಾಂಸನೊಬ್ಬನು ಬರೆದ ಗ್ರಂಥವನ್ನು ಆಧಾರವಾಗಿಟ್ಟುಕೊಂಡು, ‘ರೊಟ್ಟಿಯಿಲ್ಲದ ನಾಡು’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿದನು. ಅದರಲ್ಲಿ ಬಂಡೆಯಿಂದ ಮೇಕೆಯೊಂದು ಜಾರಿ ಬೀಳುತ್ತದೆ; ಚೌಕಟ್ಟಿನ ಅಂಚಿನಲ್ಲಿ ಬಂದೂಕಿನ ಹೊಗೆಯೂ ಕಾಣುತ್ತದೆ. ಸಾಕ್ಷಿಯೇ ತನ್ನ ಸುಳ್ಳನ್ನು ತೋರಿಸಿಕೊಂಡ ಈ ಬಗೆ ಚಿತ್ರಚರಿತ್ರೆಯಲ್ಲಿ ಅಪೂರ್ವವಾದುದು.

ಫ್ಲಾಹರ್ಟಿಯು ಮೈಸೂರಿಗೆ ಬಂದುದು ಇದಾದ ಎರಡು ವರ್ಷಗಳಿಗೆ. ಆತನ ಕೈಯಲ್ಲಿದ್ದುದೂ ಒಂದು ಗ್ರಂಥವೇ. ಆದರೆ ವಿದ್ವಾಂಸನದಲ್ಲ, ಕಥೆಗಾರನದು. ಲಂಡನ್ ಫಿಲ್ಮ್ಸ್ ಸಂಸ್ಥೆಯ ಒಡೆಯನಾದ ಅಲೆಕ್ಸಾಂಡರ್ ಕೊರ್ಡಾ ಆರಿಸಿಕೊಂಡಿದ್ದುದು ರಡ್ಯಾರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ನಲ್ಲಿ (1894) ಬರುವ ‘ಆನೆಗಳ ತೂಮಾಯ್’ ಎಂಬ ಕಥೆ. ಕಥೆ ಸರಳವಾದುದು. ಗಾರೋ ಬೆಟ್ಟಗಳ ಖೆಡ್ಡಾದಲ್ಲಿ ಕೆಲಸ ಮಾಡುವ ಮಾವುತನ ಹತ್ತು ವರ್ಷದ ಮಗ ತೂಮಾಯ್. ತಾನೂ ಖೆಡ್ಡಾದೊಳಗೆ ಹೋಗಬೇಕೆಂಬುದು ಅವನ ಆಸೆ. ಆನೆಗಳ ಕುಣಿತವನ್ನು ಕಂಡ ದಿನ ಬಾ ಎಂದು ಪೀಟರ್ಸನ್ ಸಾಹೇಬನು ಹಾಸ್ಯ ಮಾಡುತ್ತಾನೆ. ಎಂದೂ ಬೇಡ ಎಂದು ಅದರ ಅರ್ಥ, ಏಕೆಂದರೆ ಆ ಕುಣಿತವನ್ನು ಕಂಡ ಮನುಷ್ಯನಿಲ್ಲ. ಒಂದು ರಾತ್ರಿ ಕಾಳನಾಗನೆಂಬ ಮುದಿ ಆನೆಯು ಹುಡುಗನನ್ನು ಹೊತ್ತುಕೊಂಡು ಕಾಡಿನ ನಡುವಣ ಬಯಲಿಗೆ ನಡೆಯುತ್ತದೆ. ಅಲ್ಲಿ ನೂರಾರು ಆನೆಗಳು ಕೂಡಿ ನೆಲವನ್ನು ತುಳಿದು ಕುಣಿಯುತ್ತವೆ. ಬೆಳಗಾದಮೇಲೆ ಹುಡುಗನ ಮಾತನ್ನು ನಂಬಿಸುವುದಕ್ಕೆ ತುಳಿತದಿಂದ ಗಟ್ಟಿಯಾದ ನೆಲವೊಂದೇ ಸಾಕ್ಷಿ. ಗದ್ಯದಲ್ಲಿ ಬರೆದ ಕನಸೆಂದರೆ ಇದು. ಅತಿವಾಸ್ತವವಾದಿಗಳು ಹುಟ್ಟುವುದಕ್ಕೆ ಮೂವತ್ತು ವರ್ಷ ಮುಂಚೆ, ಅವರು ಒಪ್ಪುವಂತಹ ಕನಸೊಂದನ್ನು, ಅವರು ಎಳ್ಳಷ್ಟೂ ಒಪ್ಪದಂತಹ ಸಾಮ್ರಾಜ್ಯವಾದಿಯಾದ ಲೇಖಕನು ಬರೆದಿದ್ದನು.

ಕಥೆ ಗಾರೋ ಬೆಟ್ಟಗಳದಾದರೂ ಅದರ ಬೇರು ಮೈಸೂರಿನ ಕಡೆಗೇ ಬರುತ್ತದೆ. ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯಲು ಯತ್ನಿಸಿ ಸೋತು, ಇನ್ನಾರೂ ಇದರಲ್ಲಿ ಗೆಲ್ಲಲಾರರೆಂದೂ ಯತ್ನಿಸಿದವರಿಗೆ ತನ್ನ ಶಾಪವಿದೆಯೆಂದೂ ಕಲ್ಲಿನಲ್ಲಿ ಕೆತ್ತಿಸಿದ್ದನೆಂದು ಜಿ. ಪಿ. ಸ್ಯಾಂಡರ್ಸನ್ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ನೀರಾವರಿ ಇಲಾಖೆಯ ನೌಕರನಾಗಿದ್ದ ಈ ಸ್ಯಾಂಡರ್ಸನ್ನನು 1874ರಲ್ಲಿ ಚಾಮರಾಜನಗರದ ಬಳಿ ಮಂದೆಗೆ ಮಂದೆಯನ್ನೇ ಹಿಡಿದು ಆ ಶಾಪವನ್ನು ಸುಳ್ಳು ಮಾಡಿದನು. ಅನಂತರ ಬಂಗಾಳ ಸರ್ಕಾರವು ಆತನನ್ನು ಕರೆಸಿಕೊಂಡು ಢಾಕಾದ ಖೆಡ್ಡಾಗಳ ಮೇಲ್ವಿಚಾರಕನನ್ನಾಗಿ ಮಾಡಿತು. ಕಿಪ್ಲಿಂಗನ ಪೀಟರ್ಸನ್ ಸಾಹೇಬನಿಗೆ ಸ್ಯಾಂಡರ್ಸನ್ನನೇ ಮಾದರಿಯೆಂದು ಹಲವರು ನಂಬಿದ್ದಾರೆ. ಹಾಗಿದ್ದರೆ, ಮೈಸೂರಿನ ಕಾಡಿನಲ್ಲಿ ಕಲಿತ ವಿದ್ಯೆಯು ಗಾರೋ ಬೆಟ್ಟಕ್ಕೆ ಹೋಗಿ, ಅಲ್ಲಿ ಕಥೆಯಾಗಿ, ಲಂಡನ್ನನ್ನು ಸುತ್ತಿಕೊಂಡು ಚಿತ್ರದ ಯಂತ್ರದೊಡನೆ ಮತ್ತೆ ಕಾಕನಕೋಟೆಗೆ ಬಂದಂತಾಯಿತು.

ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಈ ತಂಡಕ್ಕೆ ಮೈಸೂರಿನ ಚಿತ್ತರಂಜನ ಮಹಲನ್ನು ಬಿಡದಿಯಾಗಿ ಕೊಟ್ಟರು. ಅರಮನೆಯ ಆನೆಗಳನ್ನೂ ಮಾವುತರನ್ನೂ ಒದಗಿಸಿದರು. ಕಾಳನಾಗನ ಪಾತ್ರಕ್ಕೆ ಒದಗಿದುದು ಜಂಬೂಸವಾರಿಯಲ್ಲಿ ಅಂಬಾರಿಯನ್ನು ಹೊರುತ್ತಿದ್ದ ಐರಾವತ. ತೂಮಾಯ್ ಪಾತ್ರಕ್ಕೆ ತಕ್ಕ ಹುಡುಗನು ಸಿಕ್ಕಿದ್ದು ಆನೆಯ ಲಾಯದಲ್ಲಿ. 1924ರ ಜನವರಿ 27ರಂದು ಕಾರಾಪುರದಲ್ಲಿ ಹುಟ್ಟಿ, ತಂದೆಯನ್ನು ಕಳೆದುಕೊಂಡು, ಅರಮನೆಯ ಆಶ್ರಯದಲ್ಲಿ ಬೆಳೆಯುತ್ತಿದ್ದ ಸಾಬುವನ್ನು ಮೊದಲು ಗುರುತಿಸಿದವನು ಛಾಯಾಗ್ರಾಹಕನಾದ ಆಸ್ಮಂಡ್ ಬೋರಡೇಲ್. ಬೇರೆ ನಟರು ಆನೆಯೊಡನೆ ನಟಿಸಬೇಕಾಗಿತ್ತು. ಈ ಹುಡುಗನು ಆನೆಯೊಡನೆ ಸುಮ್ಮನೆ ಇದ್ದರೆ ಸಾಕಾಗಿತ್ತು. ಕಿವಿಯ ಹಿಂದೆ ಕಾಲೂರಿ ಕುಳಿತು ಅವನು ಆನೆಗೆ ಹೇಳುವ ಮಾತುಗಳನ್ನು ಯಾವ ನಿರ್ದೇಶಕನೂ ಕಲಿಸಿದ್ದಲ್ಲ. ಫ್ಲಾಹರ್ಟಿಯ ಪತ್ನಿ ಫ್ರಾನ್ಸಿಸ್ ಆ ದಿನಗಳ ಪತ್ರಗಳನ್ನು ಕೂಡಿಸಿ 1937ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಅದಕ್ಕೆ ಆಕೆ ಇಟ್ಟ ಹೆಸರು ‘ಆನೆಗಳ ನೃತ್ಯ’.

ಕಾಕನಕೋಟೆಯ ಖೆಡ್ಡಾದ ಕ್ರಮವನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಚಿತ್ರದ ಜೀವಾಳವಿರುವುದು ಅಲ್ಲಿ. ಜೇನುಕುರುಬರು ಹೆಜ್ಜೆಯ ಗುರುತನ್ನೂ ಮುರಿದ ಬಿದಿರನ್ನೂ ನೋಡಿ ಮಂದೆಯಿರುವ ಕಡೆಯನ್ನು ಹೇಳುವರು. ನೂರಾರು ಮಂದಿ ಸೋವಿನವರು ಅದನ್ನು ಸುತ್ತುವರಿದು, ಬೆಂಕಿ, ತಮಟೆ, ಬಂದೂಕಿನ ಸದ್ದುಗಳಿಂದ ದಿನದಿನಕ್ಕೂ ನದಿಯ ಕಡೆಗೆ ತಳ್ಳುವರು. ಕೊನೆಯ ದಿನ ಮಂದೆಯು ಕಬಿನಿಗೆ ಇಳಿಯುವುದು. ಮರಿಗಳು ತಾಯಿಯ ಮಗ್ಗುಲಿನಲ್ಲಿ ಸೊಂಡಿಲನ್ನು ಮಾತ್ರ ಮೇಲೆತ್ತಿಕೊಂಡು ಈಜುವುವು. ಆಚೆಯ ದಡವನ್ನೇರಿದೊಡನೆ ಅಗಳೂ ಮರದ ಬೇಲಿಯೂ ಇರುವ ಆವರಣ. ಬಾಗಿಲು ಬಿದ್ದಮೇಲೆ ಕುಮ್ಕಿ ಆನೆಗಳ ಮೇಲೆ ಕುಳಿತ ಮಾವುತರು ಒಳಹೊಕ್ಕು ಕಾಡಾನೆಗಳ ಕಾಲಿಗೆ ಹಗ್ಗ ಬಿಗಿಯುವರು. ಇದೆಲ್ಲವನ್ನೂ ಅತಿಥಿಗಳು ನೋಡುವುದಕ್ಕೆ ಎತ್ತರದಲ್ಲಿ ಪೀಠಗಳು ಸಿದ್ಧವಾಗಿರುತ್ತಿದ್ದುವು. ಎಂದಮೇಲೆ ಖೆಡ್ಡಾವೇ ಒಂದು ಬಗೆಯ ರಂಗಪ್ರಯೋಗ. ವೈಸರಾಯರಿಗೂ ರಾಜಕುಮಾರರಿಗೂ ತೋರಿಸುವುದಕ್ಕೆಂದು ಹೂಡಿದ ನಾಟಕ. ಆದರೆ ಅದರಲ್ಲಿ ಆನೆಯ ಭಯವೂ ಕುರುಬನ ಬೆವರೂ ನಾಟಕವಾಗಿರಲಿಲ್ಲ. ಫ್ಲಾಹರ್ಟಿಯ ಯಂತ್ರವು ಹಿಡಿದುದರಲ್ಲಿ ಇಂದಿಗೂ ಮಾಸದೆ ಉಳಿದಿರುವ ಭಾಗ ಇದೇ.

ಕುಣಿತದ ಮಾತು ಬೇರೆ. ಫ್ಲಾಹರ್ಟಿಗೆ ಇದ್ದ ಕಷ್ಟವನ್ನು ಊಹಿಸಿಕೊಳ್ಳಬಹುದು. ಇರುವುದನ್ನು ಕಾದು ಕುಳಿತು ಚಿತ್ರಿಸುವುದು ಆತನ ಜೀವಮಾನದ ಅಭ್ಯಾಸ. ಈಗ ಆತನಿಗೆ ಒಪ್ಪಿಸಿದ್ದುದು ಯಾರೂ ಕಾಣದುದನ್ನು ಚಿತ್ರಿಸುವ ಕೆಲಸ. ನಾಗರಹೊಳೆಯ ಕಾಡಿನಲ್ಲಿ ಮರಗಳ ನಡುವೆ ಹುಲ್ಲು ಬೆಳೆದ ಜೌಗುಬಯಲುಗಳಿವೆ. ಜನ ಅವನ್ನು ಹಡ್ಲುಗಳೆನ್ನುತ್ತಾರೆ. ಆನೆಗಳು ಅಲ್ಲಿಗೆ ಬರುವುದೂ ಉಂಟು, ಮೇಯುವುದೂ ಉಂಟು. ಕುಣಿಯುವುದು ಮಾತ್ರ ಇಲ್ಲ. ತಿಂಗಳುಗಳು ಕಳೆದುವು, ಚಿತ್ರದ ಸುರುಳಿಗಳು ರಾಶಿಯಾದುವು, ಕಥೆ ಮುಂದುವರಿಯಲಿಲ್ಲ. ಲಂಡನ್ನಿನಲ್ಲಿ ಕೊರ್ಡಾನ ತಾಳ್ಮೆ ತೀರಿತು. ಆತನು ತನ್ನ ತಮ್ಮನಾದ ಜೊಲ್ಟಾನನನ್ನು ಈ ಕೆಲಸಕ್ಕೆ ಹಚ್ಚಿ, 1936ರಲ್ಲಿ ಎಲ್ಲರನ್ನೂ ಹಿಂದಕ್ಕೆ ಕರೆಸಿಕೊಂಡನು. ಸಾಬುವೂ ಅವನ ಅಣ್ಣನೂ ಅವರೊಡನೆ ಹಡಗನ್ನೇರಿದರು. ಇಂಗ್ಲೆಂಡಿನ ಡೆನಂ ಎಂಬಲ್ಲಿನ ಚಿತ್ರಶಾಲೆಯಲ್ಲಿ ಕಾಡನ್ನು ಕಟ್ಟಿ, ಇಂಗ್ಲಿಷ್ ನಟರ ಮುಖಕ್ಕೆ ಬಣ್ಣ ಬಳಿದು ಮಾವುತರನ್ನಾಗಿ ಮಾಡಿ, ಸಂಭಾಷಣೆಯ ದೃಶ್ಯಗಳನ್ನು ತೆಗೆದರು. ಆನೆಗಳ ಕುಣಿತವು ಕತ್ತರಿಯ ಚಾತುರ್ಯದಿಂದ ಕಟ್ಟಿದುದಾಯಿತು.

ಕಾಲದ ವಿನೋದವನ್ನು ನೋಡಿ: ಆ ವರ್ಷವೇ, 1936ರ ಜೂನ್ 11ರಿಂದ ಜುಲೈ 4ರವರೆಗೆ, ಅದೇ ಲಂಡನ್ನಿನಲ್ಲಿ ಅತಿವಾಸ್ತವವಾದಿಗಳ ಅಂತಾರಾಷ್ಟ್ರೀಯ ಪ್ರದರ್ಶನವು ನಡೆಯಿತು. ಬ್ರೆತೋಂ ಬಂದು ಅದನ್ನು ಆರಂಭಿಸಿದನು. ಮನಸ್ಸಿನ ಆಳಕ್ಕೆ ಇಳಿಯುವುದನ್ನು ಸೂಚಿಸುವುದಕ್ಕಾಗಿ ಡಾಲಿಯು ಮುಳುಗುಗಾರನ ಉಡುಪಿನಲ್ಲಿ ಉಪನ್ಯಾಸಕ್ಕೆ ನಿಂತು, ಉಸಿರು ಕಟ್ಟಿ ಸಾಯುವ ಸ್ಥಿತಿಗೆ ಬಂದನಂತೆ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಜೋಸೆಫ್ ಕಾರ್ನೆಲ್ ಎಂಬ ಕಲಾವಿದನು ಇನ್ನೂ ಸ್ವಾರಸ್ಯವಾದ ಪ್ರಯೋಗವೊಂದನ್ನು ತೋರಿಸಿದನು. ‘ಬೋರ್ನಿಯೋದ ಪೂರ್ವಕ್ಕೆ’ (1931) ಎಂಬ ಸಾಧಾರಣವಾದ ಕಾಡಿನ ಚಿತ್ರವನ್ನು ಕತ್ತರಿಸಿ, ಕಥೆಯನ್ನೆಲ್ಲ ಕಿತ್ತೊಗೆದು, ನಾಯಿಕೆಯ ಚಲನವಲನಗಳನ್ನು ಮಾತ್ರ ಉಳಿಸಿ, ನೀಲಿಯ ಬೆಳಕಿನಲ್ಲಿ ನಿಧಾನವಾಗಿ ಓಡಿಸಿದನು. ಸಾಧಾರಣ ಚಿತ್ರವು ಕನಸಾಯಿತು. ಅಲ್ಲಿಯೇ ಕುಳಿತಿದ್ದ ಡಾಲಿಯು, ಇದು ತನ್ನ ಮನಸ್ಸಿನಿಂದ ಕದ್ದ ಕನಸೆಂದು ರೇಗಿ, ಯಂತ್ರವನ್ನೇ ಕೆಡವಿದನೆಂಬ ಸಂಗತಿ ಪ್ರಸಿದ್ಧವಾಗಿದೆ.

ಕಾರ್ನೆಲ್ ಮಾಡಿದ್ದಕ್ಕೂ ಡೆನಂನಲ್ಲಿ ಆದದ್ದಕ್ಕೂ ಹೋಲಿಸಿದರೆ ‘ಎಲಿಫೆಂಟ್ ಬಾಯ್’ನ ದೋಷವು ತಾನಾಗಿ ತಿಳಿಯುತ್ತದೆ. ಕಾರ್ನೆಲ್ ಸುಳ್ಳುಕಾಡಿನ ಚಿತ್ರದಿಂದ ಕಥೆಯನ್ನು ತೆಗೆದು ಕನಸನ್ನು ಪಡೆದನು. ಕೊರ್ಡಾ ಸಹೋದರರು ನಿಜಕಾಡಿನ ಚಿತ್ರಕ್ಕೆ ಕಥೆಯನ್ನು ಹೊಲಿದು, ಕನಸನ್ನೂ ನಿಜವನ್ನೂ ಎರಡನ್ನೂ ತೆಳುವಾಗಿಸಿದರು. ಗ್ರೇಯಂ ಗ್ರೀನ್ ಮುಂತಾದ ವಿಮರ್ಶಕರು ಆಗಲೇ ಇದನ್ನು ಕುರಿತು ಅಸಮಾಧಾನ ಸೂಚಿಸಿದ್ದರು. ಆದರೂ 1937ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶನದ ಬಹುಮಾನವು ಫ್ಲಾಹರ್ಟಿಗೂ ಜೊಲ್ಟಾನ್ ಕೊರ್ಡಾನಿಗೂ ಸೇರಿ ಬಂದಿತು. ಬಹುಮಾನ ನ್ಯಾಯವೇ ಎಂಬುದನ್ನು ಚಿತ್ರವನ್ನು ನೋಡಿದವರು ತೀರ್ಮಾನಿಸಿಕೊಳ್ಳಬಹುದು. ಸಾಬುವು ಐರಾವತನೊಡನೆ ನೀರಿನಲ್ಲಿರುವ ದೃಶ್ಯವೊಂದಕ್ಕೇ ಅದು ಸಲ್ಲುತ್ತದೆಂದರೆ ಹೆಚ್ಚು ಜನ ವಿರೋಧಿಸಲಾರರು.

ಈ ಬಗೆಯ ಚಿತ್ರಗಳನ್ನು ತೆಗೆದ ಸ್ಥಳಗಳಿಗೆ ಮುಂದಿನ ಕಾಲದವರು ಮತ್ತೆ ಹೋಗಿ, ಅಂದು ಏನಾಯಿತೆಂದು ಊರವರನ್ನೇ ಕೇಳಿ, ಅದನ್ನೇ ಸಾಕ್ಷ್ಯಚಿತ್ರವಾಗಿ ಮಾಡಿದ್ದಾರೆ. ಜಾರ್ಜ್ ಸ್ಟೋನಿ ಎಂಬಾತನು 1978ರಲ್ಲಿ ಅರಾನ್ ದ್ವೀಪಕ್ಕೆ ಹೋಗಿ ಫ್ಲಾಹರ್ಟಿಯ ಕಟ್ಟುಕಥೆ ಹೇಗೆ ಸಿದ್ಧವಾಯಿತೆಂಬುದನ್ನು ದಾಖಲೆ ಮಾಡಿದನು. ಲಾಸ್ ಉರ್ದೆಸ್‌ನ ಚಿತ್ರೀಕರಣವೇ 2018ರಲ್ಲಿ ‘ಆಮೆಗಳ ಜಟಿಲವ್ಯೂಹದಲ್ಲಿ ಬುನ್ಯುಯೆಲ್’ ಎಂಬ ರೇಖಾಚಿತ್ರಗಳ ಚಲಚ್ಚಿತ್ರಕ್ಕೆ ವಸ್ತುವಾಯಿತು. ಅದರ ನಡುನಡುವೆ 1933ರ ನಿಜವಾದ ತುಣುಕುಗಳನ್ನೇ ಸೇರಿಸಿದ್ದಾರೆ. ಕಾರಾಪುರದಲ್ಲಿಯೂ ಕೇಳಬೇಕಾದ ಪ್ರಶ್ನೆಗಳಿದ್ದುವು. ಯಂತ್ರದ ಮುಂದೆ ಮಂದೆಯನ್ನು ಹೊಳೆಗಿಳಿಸಿದ ಕುರುಬರು ಯಾವ ಯಾವ ಹಾಡಿಯವರು? ಹಗ್ಗ ಬಿಗಿದ ಮಾವುತರು ಯಾರು? ತಮ್ಮ ಕೆಲಸವು ಕಥೆಯಾಗುವುದನ್ನು ಕಂಡು ಅವರು ಏನೆಂದುಕೊಂಡರು? ಚಿತ್ರದ ಮುಖ್ಯ ಪಾತ್ರಗಳಲ್ಲಿ ಸಾಬುವನ್ನು ಬಿಟ್ಟರೆ ಉಳಿದುವೆಲ್ಲ ಇಂಗ್ಲಿಷ್ ನಟರವು.

ಕನ್ನಡವು ಈ ಕಾಡನ್ನು ತನ್ನದೇ ರೀತಿಯಲ್ಲಿ ಕಂಡಿತ್ತೆಂಬುದನ್ನು ಮರೆಯಬಾರದು. ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಕಾಕನಕೋಟೆ’ ನಾಟಕದಲ್ಲಿ ಕಾಡುಕುರುಬರು ಹಿನ್ನೆಲೆಯ ಸೋವಿನವರಲ್ಲ. ಮಾತೂ ಮಾನವೂ ಉಳ್ಳ ಮುಖ್ಯ ಪಾತ್ರಗಳು. ಸಿ. ಆರ್. ಸಿಂಹ ಅವರು ಅದನ್ನು ಚಲಚ್ಚಿತ್ರವಾಗಿಯೂ ಮಾಡಿದರು. ಗಾರೋ ಬೆಟ್ಟದ ಕಥೆಯನ್ನು ಇಲ್ಲಿಯ ಕಾಡಿಗೆ ತಂದವರಿಗೆ, ಇಲ್ಲಿಯ ಕಾಡಿಗೇ ಸೇರಿದ ಕಥೆಯೊಂದಿರಬಹುದೆಂಬುದು ಹೊಳೆಯಲಿಲ್ಲ.

ಸಾಬುವಿನ ಬಾಳು ಮಾತ್ರ ಅಂದಿನಿಂದ ಕನಸಿನ ಹಾದಿಯನ್ನೇ ಹಿಡಿಯಿತು. ‘ಬಾಗ್ದಾದಿನ ಕಳ್ಳ’ (1940) ಚಿತ್ರದಲ್ಲಿ ಅವನು ಸೀಸೆಯ ಭೂತವನ್ನು ಗೆದ್ದು ಹಾರುವ ಜಮಖಾನದ ಮೇಲೆ ಕುಳಿತನು. 1942ರಲ್ಲಿ ಅದೇ ಜೊಲ್ಟಾನ್ ಕೊರ್ಡಾನ ಕೈಯಲ್ಲಿ ಕಿಪ್ಲಿಂಗನ ಮೋಗ್ಲಿಯಾದನು. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಅದರ ವಾಯುಪಡೆಯಲ್ಲಿ ಬಂದೂಕುಗಾರನಾಗಿ ಯುದ್ಧದಲ್ಲಿ ಹೋರಾಡಿ ಪದಕವನ್ನು ಪಡೆದನು. 1963ರ ಡಿಸೆಂಬರ್ 2ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡನು.

ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. 1974ರಲ್ಲಿ ಬಿದರಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡು, ಆನೆಗಳನ್ನು ದಾಟಿಸುತ್ತಿದ್ದ ಹೊಳೆಯ ಪಾತ್ರವೂ ಹಳೆಯ ಖೆಡ್ಡಾದ ನೆಲವೂ ಹಲವು ಹಳ್ಳಿಗಳೂ ನೀರಿನಲ್ಲಿ ಮುಳುಗಿದುವು. ಮಂದೆಯ ಜಾಡನ್ನು ಹೇಳುತ್ತಿದ್ದ ಕುರುಬರಲ್ಲಿ ಅನೇಕರು ಕಾಡಿನಿಂದ ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿಗಳಲ್ಲಿ ನೆಲೆಸಬೇಕಾಯಿತು. ಅರಸರ ಬೇಟೆಯ ಬಂಗಲೆಯು ಪ್ರವಾಸಿಗಳ ತಂಗುದಾಣವಾಯಿತು. ಹೀಗಾಗಿ, ಫ್ಲಾಹರ್ಟಿಯು ಸತ್ಯವೆಂದು ಹಿಡಿದ ಹೊಳೆ, ದಡ, ಆವರಣಗಳನ್ನು ಈಗ ಯಾರೂ ಹೋಗಿ ನೋಡುವಂತಿಲ್ಲ. ಅವು ಆ ಬಿಳಿಕಪ್ಪಿನ ಸುರುಳಿಯಲ್ಲಿಯೇ ಇವೆ.

ಪ್ರತಿವರ್ಷವೂ ಬೇಸಗೆಯಲ್ಲಿ ಜಲಾಶಯದ ನೀರು ಇಳಿದು ಮುಳುಗಿದ ನೆಲವು ಮೇಲೆ ಬರುತ್ತದೆ. ಅದರ ಮೇಲೆ ಎಳೆಯ ಹುಲ್ಲು ಚಿಗುರುತ್ತದೆ. ಒಣಗಿದ ಕಾಡುಗಳಿಂದ ಆನೆಗಳು ನೂರುಗಟ್ಟಲೆಯಾಗಿ ಅಲ್ಲಿಗೆ ಬಂದು ಸೇರುತ್ತವೆ. ಸಂಜೆಯ ವೇಳೆ ಅವು ಹುಲ್ಲನ್ನು ಕಿತ್ತು, ಬೇರಿನ ಮಣ್ಣನ್ನು ಕಾಲಿಗೆ ಬಡಿದು ಉದುರಿಸಿ ತಿನ್ನುತ್ತಿರುವುದನ್ನು ಎದುರಿನ ದಡದಿಂದ ಕಾಣಬಹುದು.